ಸರಳ ನಿಯಮದಿಂದ ಫ್ರ್ಯಾಕ್ಟಲ್ ಬೆಳೆಸುವುದು: 1, 2, 3, 5, 8 ಬರಬೇಕಾದಲ್ಲಿ 1, 2, 4, 8 ಬರುತ್ತಿದೆ

ಚುಕ್ಕಿಗೆರೆ

ಎಲ್ಲರಿಗೂ ನಮಸ್ಕಾರ. ಪೈಥಾನ್‌ನಲ್ಲಿ ಫ್ರ್ಯಾಕ್ಟಲ್ (ಎಷ್ಟು ಹಿಗ್ಗಿಸಿ ನೋಡಿದರೂ ಅದೇ ವಿನ್ಯಾಸ ಮರುಕಳಿಸುವ ಆಕೃತಿ) ಬೆಳೆಸುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ಎಲ್-ಸಿಸ್ಟಮ್ ದಾರಿ ಹಿಡಿದಿದ್ದೇನೆ, ಅಂದರೆ ಪ್ರತಿ ಸುತ್ತಿನಲ್ಲಿ ಅಕ್ಷರಗಳನ್ನು ನಿಯಮದಂತೆ ಬದಲಿಸುತ್ತಾ ಸ್ಟ್ರಿಂಗ್ (ಅಕ್ಷರಗಳ ಸಾಲು) ಬೆಳೆಸುವುದು. ಮೊದಲಿಗೆ ಎಲ್ಲಕ್ಕಿಂತ ಚಿಕ್ಕ ಉದಾಹರಣೆ ತೆಗೆದುಕೊಂಡೆ. ನಿಯಮ ಎರಡೇ:

ಅ → ಅಬ
ಬ → ಅ

ಒಂದೇ ಒಂದು ಅ ಇಂದ ಶುರು. ಪ್ರತಿ ಸುತ್ತಿಗೂ ಅಕ್ಷರಗಳ ಸಂಖ್ಯೆ 1, 2, 3, 5, 8, 13 ಅಂತ ಫಿಬೊನಾಚಿ ಸಾಲಿನಂತೆ ಏರಬೇಕು. ನನಗೆ 1, 2, 4, 8, 16 ಬರುತ್ತಿದೆ. ಅದೂ ಬರೀ ಅ. ಬ ಕಾಣಿಸುವುದೇ ಇಲ್ಲ. ಕೋಡ್‌ನಲ್ಲಿ ಇರುವುದು ಇಷ್ಟೇ: ಸ್ಟ್ರಿಂಗ್‌ನಲ್ಲಿ ಅ ಇರುವ ಕಡೆಯೆಲ್ಲ ಅಬ ಹಾಕು, ಆಮೇಲೆ ಬ ಇರುವ ಕಡೆಯೆಲ್ಲ ಅ ಹಾಕು. ರಿಪ್ಲೇಸ್ ಎರಡು ಸಲ, ಮುಗಿಯಿತು.

ಇನ್ನೊಂದು ಪ್ರಶ್ನೆಯೂ ಇದೆ. ಇದೇ ವಿಧಾನದಲ್ಲಿ ಒಂದು ಮರ ಬಿಡಿಸಿದೆ:

ಮ → ಮ[+ಮ]ಮ[−ಮ]ಮ

ಮ ಅಂದರೆ ಗೆರೆ ಎಳೆಯುತ್ತಾ ಮುಂದೆ ಹೋಗು. + ಅಂದರೆ ಎಡಕ್ಕೆ ತಿರುಗು, − ಅಂದರೆ ಬಲಕ್ಕೆ. [ ಬಂದರೆ ಈಗಿರುವ ಜಾಗ ನೆನಪಿಟ್ಟುಕೋ, ] ಬಂದರೆ ಅಲ್ಲಿಗೆ ವಾಪಸ್ ಬಾ. ಕೋನ ಸುಮಾರು 25 ಡಿಗ್ರಿ. ಚಿತ್ರವೇನೋ ಬಂತು, ಆದರೆ ಮರ ಅನ್ನಿಸುವುದಿಲ್ಲ. ಬುಡದಿಂದಲೇ ಕಡ್ಡಿ ಕಡ್ಡಿ. ಜೊತೆಗೆ 7ನೇ ಸುತ್ತಿಗೆ ಬರುವಷ್ಟರಲ್ಲಿ ಕಂಪ್ಯೂಟರ್ ತೆವಳುತ್ತದೆ. ಏನು ಮಾಡಬೇಕು?

ಹಳೇ_ಕೀಬೋರ್ಡ್

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಎರಡು ಬದಲಾವಣೆಗಳನ್ನು ಒಂದರ ಹಿಂದೆ ಒಂದು ಮಾಡುತ್ತಿದ್ದೀರಿ. ಮೊದಲ ರಿಪ್ಲೇಸ್ ಹುಟ್ಟಿಸಿದ ಹೊಸ ಬ-ಯನ್ನು ಎರಡನೇ ರಿಪ್ಲೇಸ್ ಅದೇ ಸುತ್ತಿನಲ್ಲಿ ಹಿಡಿದು ಅ ಮಾಡಿಬಿಡುತ್ತದೆ. ಅ ಹೋಗಿ ಅಬ ಆಯಿತು, ತಕ್ಷಣ ಅಅ ಆಯಿತು. ಹಾಗಾಗಿ ಪ್ರತಿ ಸಲ ದುಪ್ಪಟ್ಟು.

ಎಲ್-ಸಿಸ್ಟಮ್‌ನಲ್ಲಿ ಹಳೆಯ ಸ್ಟ್ರಿಂಗ್‌ನ ಎಲ್ಲ ಅಕ್ಷರಗಳೂ ಒಂದೇ ಸಲಕ್ಕೆ ಬದಲಾಗಬೇಕು. ಹಳೆಯ ಸ್ಟ್ರಿಂಗನ್ನು ಒಂದೊಂದೇ ಅಕ್ಷರವಾಗಿ ಓದಿ, ಅದರ ನಿಯಮ ಏನಿದೆಯೋ ಅದನ್ನು ಹೊಸ ಸ್ಟ್ರಿಂಗ್‌ಗೆ ಸೇರಿಸುತ್ತಾ ಹೋಗಿ. ನಿಯಮ ಇಲ್ಲದ ಅಕ್ಷರವನ್ನು ಹಾಗೇ ನಕಲು ಮಾಡಿ. ಹಳೆಯದನ್ನು ಮಧ್ಯದಲ್ಲಿ ಮುಟ್ಟಬೇಡಿ. ಲೂಪ್ ಬೇಡ ಅಂದರೆ ಪೈಥಾನ್‌ನ ಟ್ರಾನ್ಸ್‌ಲೇಟ್ ಬಳಸಿ. ಅದು ಇದೇ ಕೆಲಸ ಮಾಡುತ್ತದೆ, ಎಲ್ಲವನ್ನೂ ಒಂದೇ ಓಟದಲ್ಲಿ.

ಗ್ರಿಡ್ ಮೇಲೆ ಬೆಳೆಸುವ ಪ್ರೋಗ್ರಾಂಗಳಲ್ಲೂ ಇದೇ ಎಡವಟ್ಟು ಆಗುತ್ತದೆ. ಒಂದು ಸಾಲು ಚೌಕ ಇಟ್ಟುಕೊಳ್ಳಿ, ನಡುವೆ ಒಂದು ಮಾತ್ರ ಕಪ್ಪು. ನಿಯಮ: ಎಡ ಬಲದ ಪಕ್ಕದವರಲ್ಲಿ ಸರಿಯಾಗಿ ಒಬ್ಬರು ಕಪ್ಪಾಗಿದ್ದರೆ ಮುಂದಿನ ಸಾಲಿನಲ್ಲಿ ನಾನೂ ಕಪ್ಪು. ಇದಕ್ಕೆ ರೂಲ್ 90 ಅನ್ನುತ್ತಾರೆ. ಹೊಸ ಸಾಲನ್ನು ಬೇರೆ ಜಾಗದಲ್ಲಿ ಬರೆದರೆ ಸಿಯೆರ್ಪಿನ್ಸ್ಕಿ ತ್ರಿಕೋನ (ಎಲ್ಲ ಅಳತೆಯಲ್ಲೂ ನಡುವೆ ತ್ರಿಕೋನದ ತೂತು ಇರುವ ತ್ರಿಕೋನ) ಬರುತ್ತದೆ. ಅದೇ ಸಾಲಿನ ಮೇಲೆ ಎಡದಿಂದ ಬಲಕ್ಕೆ ತಿದ್ದುತ್ತಾ ಹೋದರೆ ಒಂದೇ ಸುತ್ತಿನಲ್ಲಿ ಬಲಗಡೆ ಪೂರ್ತಿ ಕಪ್ಪಾಗುತ್ತದೆ. ನಿಯಮ ಒಂದು ಅಕ್ಷರವೂ ಬದಲಾಗಿಲ್ಲ, ಅಲ್ವಾ? ಯಾವಾಗ ಅನ್ವಯ ಆಗುತ್ತದೆ ಅನ್ನುವುದು ಮಾತ್ರ ಬದಲಾಯಿತು.

ಪಾಚಿ

ಎಲ್ಲವೂ ಒಟ್ಟಿಗೇ ಬದಲಾಗಬೇಕು ಅನ್ನುವುದಕ್ಕೆ ಕಾರಣ ಜೀವಶಾಸ್ತ್ರದಲ್ಲಿದೆ. ಎಲ್-ಸಿಸ್ಟಮ್‌ನ ಎಲ್ ಅಂದರೆ ಅರಿಸ್ಟಿಡ್ ಲಿಂಡನ್‌ಮಾಯರ್. ಹಂಗೆರಿಯಲ್ಲಿ ಹುಟ್ಟಿದ ಜೀವವಿಜ್ಞಾನಿ, ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿದ್ದವರು. 1968ರಲ್ಲಿ ಈ ಪದ್ಧತಿ ಕೊಟ್ಟಾಗ ಅವರ ಕಣ್ಣಮುಂದೆ ಇದ್ದದ್ದು ಮರ ಅಲ್ಲ, ಚಿತ್ರವೂ ಅಲ್ಲ. ಕೋಶಗಳು ಒಂದರ ಪಕ್ಕ ಒಂದು ಅಂಟಿಕೊಂಡು ದಾರದ ಹಾಗೆ ಬೆಳೆಯುವ ಜೀವಿಗಳು. ಆ ದಾರದ ಒಂದು ತುದಿಯ ಕೋಶ ಒಡೆಯುವ ತನಕ ಇನ್ನೊಂದು ತುದಿಯ ಕೋಶ ಕಾಯುತ್ತಾ ಕೂರುವುದಿಲ್ಲ. ಎಲ್ಲವೂ ತಮ್ಮ ಪಾಡಿಗೆ ಬೆಳೆಯುತ್ತವೆ.

ನಿಮ್ಮ ಉದಾಹರಣೆಯನ್ನೂ ಹಾಗೆ ಓದಿ. ಅ ಬಲಿತ ಕೋಶ. ಅದು ಒಡೆದು ಒಂದು ಬಲಿತದ್ದು, ಒಂದು ಎಳೆಯದ್ದು ಆಗುತ್ತದೆ. ಬ ಎಳೆಯ ಕೋಶ. ಅದು ಒಂದು ಸುತ್ತು ಬಲಿಯುವುದಕ್ಕೇ ಬೇಕು. ಆ ಒಂದು ಸುತ್ತಿನ ಕಾಯುವಿಕೆಯೇ ಫಿಬೊನಾಚಿ ಸಾಲನ್ನು ತರುವುದು. ನಿಮ್ಮ ಕೋಡ್ ಆ ಕಾಯುವಿಕೆಯನ್ನು ನುಂಗಿಹಾಕಿತ್ತು.

ಭಾಷೆಯ ವ್ಯಾಕರಣಕ್ಕೆ ಭಾಷಾವಿಜ್ಞಾನಿ ಚಾಮ್‌ಸ್ಕಿ ಕೊಟ್ಟ ನಿಯಮಗಳೂ ನೋಡಲು ಹೀಗೇ ಇರುತ್ತವೆ. ಅಲ್ಲಿ ಒಂದು ಸಲಕ್ಕೆ ಒಂದು ಕಡೆ ಮಾತ್ರ ಬದಲಾವಣೆ.

ಮೂರನೇ_ಬೆಂಚು

ಸುಮ್ನೆ ಒಂದು ಅನುಮಾನ. ಕೋಡ್‌ನಲ್ಲಿ ನಿಜವಾಗಿಯೂ ಕನ್ನಡ ಅಕ್ಷರವನ್ನೇ ಇಟ್ಟಿದ್ದೀರಾ? ನಾನು "ಮು" ಅಂದರೆ ಮುಂದೆ, "ಎ" ಅಂದರೆ ಎಡ ಅಂತ ಇಟ್ಟೆ. ಗೆರೆ ಬರುವುದೇ ಇಲ್ಲ.

ಹಳೇ_ಕೀಬೋರ್ಡ್

ಇಡಬಹುದು, ಧಾರಾಳವಾಗಿ. ಪೈಥಾನ್ ಸ್ಟ್ರಿಂಗ್‌ಗೆ ಎಲ್ಲ ಲಿಪಿಯೂ ಒಂದೇ. ಆದರೆ ಕಾಗುಣಿತ ಇಡಬೇಡಿ. "ಮು" ನಮ್ಮ ಕಣ್ಣಿಗೆ ಒಂದು ಅಕ್ಷರ, ಯೂನಿಕೋಡ್‌ಗೆ ಎರಡು: ಮ, ಮತ್ತು ಉಕಾರದ ಕೊಂಬು. ಲೂಪ್ ಒಂದೊಂದೇ ಓದುವಾಗ ಮ ಬೇರೆ, ಕೊಂಬು ಬೇರೆಯಾಗಿ ಸಿಗುತ್ತದೆ. "ಮು" ಅನ್ನುವ ಅಕ್ಷರ ಅದಕ್ಕೆ ಸಿಗುವುದೇ ಇಲ್ಲ. "ಕ್ಷ" ಇಟ್ಟರೆ ಮೂರಾಗುತ್ತದೆ. ಸ್ವರ ಅಥವಾ ಬರೀ ವ್ಯಂಜನ ಇಡಿ, ತಲೆನೋವಿಲ್ಲ.

ಸುಳಿ

ಮರದ ಪ್ರಶ್ನೆಗೆ ಬರುತ್ತೇನೆ. ನಿಮ್ಮ ನಿಯಮದಲ್ಲಿ ಪ್ರತಿ ಗೆರೆಯೂ ಪ್ರತಿ ಸುತ್ತಿನಲ್ಲಿ ಕವಲೊಡೆಯುತ್ತದೆ. ಬುಡದ ಗೆರೆ ಕೂಡ. ಮೊದಲ ದಿನ ಹುಟ್ಟಿದ ಕಾಂಡಕ್ಕೂ ನಿನ್ನೆ ಹುಟ್ಟಿದ ರೆಂಬೆಗೂ ವ್ಯತ್ಯಾಸವೇ ಇಲ್ಲ. ಕೋಖ್ ರೇಖೆಗೆ ಇದು ಸರಿ. ಅಲ್ಲಿ ನಿಯಮ ಹೀಗಿದೆ, ಕೋನ 60 ಡಿಗ್ರಿ:

ಮ → ಮ+ಮ−−ಮ+ಮ

ಹೆಲ್ಗೆ ವಾನ್ ಕೋಖ್ 1904ರಲ್ಲಿ ಕೊಟ್ಟ ರೇಖೆ ಇದು. ಒಂದು ಗೆರೆ ಹೋಗಿ ಅದರ ಮೂರನೇ ಒಂದರಷ್ಟು ಉದ್ದದ ನಾಲ್ಕು ಗೆರೆ ಬರುತ್ತವೆ. ಒಟ್ಟು ಉದ್ದ ಪ್ರತಿ ಸಲ ಮೂರನೇ ನಾಲ್ಕು (4/3) ಪಟ್ಟು. ಎಲ್ಲ ಗೆರೆಯೂ ಎಲ್ಲ ಸುತ್ತಿನಲ್ಲೂ ಒಡೆಯಬೇಕು, ಒಂದೂ ಬಿಡುವಂತಿಲ್ಲ. ಅದರ ಫ್ರ್ಯಾಕ್ಟಲ್ ಆಯಾಮ (ಆಕೃತಿ ಜಾಗವನ್ನು ಎಷ್ಟು ತುಂಬುತ್ತದೆ ಅನ್ನುವ ಅಳತೆ, ನೇರ ಗೆರೆಗೆ 1, ತುಂಬಿದ ಚಿತ್ರಕ್ಕೆ 2) ಸುಮಾರು 1.26 ಬರುವುದು ಅದರಿಂದಲೇ.

ಮರಕ್ಕೆ ಬೇಕಾದ್ದು ಬೇರೆ. ಒಡೆಯುವ ಹಕ್ಕು ತುದಿಯ ಚಿಗುರಿಗೆ ಮಾತ್ರ ಇರಲಿ. ಚಿಗುರಿಗೆ ಚ ಅನ್ನಿ. ಇದನ್ನು ಹಾಕಿ ನೋಡಿ:

ಚ → ಮ[+ಚ][−ಚ]ಮಚ
ಮ → ಮಮ

ಶುರುವಿಗೆ ಒಂದು ಚ. ಬಿಡಿಸುವಾಗ ಚ ಏನೂ ಮಾಡುವುದಿಲ್ಲ, ಸುಮ್ನೆ ದಾಟಿ ಹೋಗಿ. ಈಗ ಕಾಂಡ ಕಾಂಡವಾಗಿಯೇ ಉಳಿಯುತ್ತದೆ, ಉದ್ದ ಮಾತ್ರ ಆಗುತ್ತದೆ. ಕವಲು ತುದಿಯಲ್ಲಿ.

ಚುಕ್ಕಿಗೆರೆ

ಅಬ್ಬಾ! ಫಿಬೊನಾಚಿಯೂ ಬಂತು, ಮರವೂ ಬಂತು. 6 ಸುತ್ತಿಗೆ ಗಿಡದ ರೂಪ ಬಂದುಬಿಟ್ಟಿತು. ಎರಡೇ ನಿಯಮ!

ಪಾಚಿ

ಚೆನ್ನಾಗಿದೆ. ಒಂದು ತಕರಾರು ಮಾತ್ರ ದಾಖಲಿಸುತ್ತೇನೆ. ಮ → ಮಮ ನಿಜವಾದ ಮರದಲ್ಲಿ ಇಲ್ಲ. ಬಲಿತ ಕಾಂಡ ದಪ್ಪ ಆಗುತ್ತದೆಯೇ ಹೊರತು ಉದ್ದ ಆಗುವುದಿಲ್ಲ. ಕಾಂಡಕ್ಕೆ ಮೊಳೆ ಹೊಡೆದರೆ ಎಷ್ಟೋ ವರ್ಷ ಆದ ಮೇಲೂ ಅದು ಅದೇ ಎತ್ತರದಲ್ಲಿ ಇರುತ್ತದೆ.

ಸುಳಿ

ಒಪ್ಪಿದೆ. ಆದರೆ ಚಿತ್ರವನ್ನು ಕೊನೆಗೆ ಪರದೆಯ ಅಳತೆಗೆ ಕುಗ್ಗಿಸುತ್ತೇವಲ್ಲ? ಕಾಂಡ ಎರಡು ಪಟ್ಟು ಆಗುವುದೂ ಹೊಸ ಕೊಂಬೆ ಅರ್ಧಕ್ಕೆ ಇಳಿಯುವುದೂ ಆಗ ಒಂದೇ ಚಿತ್ರ. ಅದನ್ನು ಬೆಳವಣಿಗೆ ಅಂತ ನೋಡಬೇಡಿ, ಅನುಪಾತ ಅಂತ ನೋಡಿ.

ಅನುಮಾನ_ಪಕ್ಷಿ

"ಎರಡೇ ನಿಯಮ" ಅಂತ ಕುಣಿಯುವ ಮುಂಚೆ ಒಂದು ಮಾತು. ಈ ವಿಷಯದ ಮೇಲೆ ಯಾರು ಬರೆದರೂ ಸರಳ ನಿಯಮ, ಅದ್ಭುತ ಚಿತ್ರ ಅಂತಲೇ ಬರೆಯುತ್ತಾರೆ. ನನಗೆ ಇದು ಅರ್ಧ ಲೆಕ್ಕ ಅನ್ನಿಸುತ್ತದೆ. ಆ ಎರಡು ಸಾಲಿನ ಸ್ಟ್ರಿಂಗ್ ತಾನಾಗಿ ಮರ ಅಲ್ಲ. ಅದನ್ನು ಓದಿ ಗೆರೆ ಎಳೆಯುವ ಆಮೆ ಒಂದಿದೆ. ಎಲ್ಲಿದ್ದೆ, ಯಾವ ಕಡೆ ಮುಖ ಮಾಡಿದ್ದೆ ಅಂತ ಅದಕ್ಕೆ ನೆನಪಿರಬೇಕು. ಕವಲಿಂದ ವಾಪಸ್ ಬರುವುದಕ್ಕೆ ಸ್ಟ್ಯಾಕ್ (ಕೊನೆಗೆ ಇಟ್ಟದ್ದು ಮೊದಲು ಸಿಗುವ ಪಟ್ಟಿ) ಬೇಕು. 25 ಡಿಗ್ರಿ ಅನ್ನುವ ಕೋನ ಯಾರೋ ಕಣ್ಣಳತೆಯಲ್ಲಿ ಆರಿಸಿದ್ದು. 90 ಇಡಿ, ಮರ ಮಾಯ. ಎಲ್ಲರೂ ಒಟ್ಟಿಗೆ ಬದಲಾಗಬೇಕು ಅನ್ನುವ ಷರತ್ತಂತೂ ನಿಯಮದ ಸಾಲಿನಲ್ಲಿ ಬರೆದೇ ಇಲ್ಲ. ಅದು ಗೊತ್ತಿಲ್ಲದ್ದಕ್ಕೇ ಈ ಚರ್ಚೆ ಶುರುವಾಗಿದ್ದು.

ನಿಯಮ ಸರಳ ಹೌದು. ಆದರೆ ಆ ನಿಯಮ ಎಲ್ಲಿ, ಯಾವಾಗ, ಯಾರ ಮೇಲೆ ನಡೆಯುತ್ತದೆ ಅನ್ನುವುದರಲ್ಲೇ ಆಟವೆಲ್ಲ ಇದೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಳೇ_ಕೀಬೋರ್ಡ್

ನೀವು ಜಗಳಕ್ಕೆ ಬಂದಿದ್ದೀರಿ ಅಂದುಕೊಂಡೆ. ನೋಡಿದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಚುಕ್ಕಿಗೆರೆ ಅವರೇ, ನಿಧಾನ ಆಗುವ ಪ್ರಶ್ನೆ ಬಾಕಿ ಇತ್ತು. ನಿಮ್ಮ ಮೊದಲ ಮರದಲ್ಲಿ ಒಂದು ಮ ಐದಾಗುತ್ತದೆ. 5ನೇ ಸುತ್ತಿಗೆ 3,125 ಗೆರೆ, 7ನೇ ಸುತ್ತಿಗೆ 78,125. ಸ್ಟ್ರಿಂಗ್ ಅದಕ್ಕೆಲ್ಲ ಹೆದರುವುದಿಲ್ಲ. ಹೆದರುವುದು ಟರ್ಟಲ್, ಅಂದರೆ ಗೆರೆ ಎಳೆಯುವ ಪೈಥಾನ್ ಆಮೆ. ಅದು ಪ್ರತಿ ಗೆರೆಗೂ ಪರದೆ ಮತ್ತೆ ಬಿಡಿಸುತ್ತದೆ. ಟ್ರೇಸರ್ (ಪರದೆ ಯಾವಾಗ ಬಿಡಿಸಬೇಕು ಅನ್ನುವ ಸೆಟ್ಟಿಂಗ್) ಸೊನ್ನೆಗೆ ಇಟ್ಟು, ಕೊನೆಯಲ್ಲಿ ಒಂದು ಸಲ ಅಪ್‌ಡೇಟ್ ಮಾಡಿ. ವ್ಯತ್ಯಾಸ ನೀವೇ ನೋಡುತ್ತೀರಿ.

ಸ್ಟ್ರಿಂಗೇ ದೊಡ್ಡದಾಯಿತು ಅನ್ನುವ ಹಂತ ಬಂದರೆ ಸ್ಟ್ರಿಂಗನ್ನೇ ಕಟ್ಟಬೇಡಿ. ಒಂದು ಫಂಕ್ಷನ್ ಬರೆಯಿರಿ. ಅಕ್ಷರ ಮತ್ತು ಉಳಿದ ಸುತ್ತು, ಇವೆರಡನ್ನು ಅದಕ್ಕೆ ಕೊಡಿ. ಸುತ್ತು ಸೊನ್ನೆ ಆದರೆ ಬಿಡಿಸು. ಇಲ್ಲದಿದ್ದರೆ ನಿಯಮದ ಪ್ರತಿ ಅಕ್ಷರಕ್ಕೂ ಒಂದು ಸುತ್ತು ಕಡಿಮೆ ಮಾಡಿ ತನ್ನನ್ನೇ ಕರೆದುಕೊಳ್ಳಲಿ. ಕೋಖ್ ರೇಖೆಯ 10ನೇ ಸುತ್ತಿನ ಸ್ಟ್ರಿಂಗ್ 24 ಲಕ್ಷ ಅಕ್ಷರ ದಾಟುತ್ತದೆ. ಈ ಫಂಕ್ಷನ್ ಒಂದು ಹೊತ್ತಿಗೆ ನೆನಪಿಡುವುದು 10 ಮೆಟ್ಟಿಲು ಮಾತ್ರ.

ಅಷ್ಟಕ್ಕೂ 10 ಸುತ್ತು ಬೇಕಾ? ಕೋಖ್ ರೇಖೆಯನ್ನು 729 ಪಿಕ್ಸೆಲ್ ಅಗಲಕ್ಕೆ ಬಿಡಿಸಿದರೆ 6ನೇ ಸುತ್ತಿಗೆ ಒಂದು ಗೆರೆ ಒಂದು ಪಿಕ್ಸೆಲ್. ಅಲ್ಲಿಂದ ಮುಂದೆ ಕಂಪ್ಯೂಟರ್ ದುಡಿಯುತ್ತದೆ, ಕಣ್ಣಿಗೆ ಏನೂ ಸಿಗುವುದಿಲ್ಲ.

ನಿರ್ವಾಹಕರು

ಉದ್ದ ಕೋಡ್ ಅಂಟಿಸಿದ್ದ ಎರಡು ಪೋಸ್ಟ್‌ಗಳನ್ನು ತೆಗೆದಿದ್ದೇನೆ. ನಿಯಮ ಬರೆದರೆ ಸಾಕು. ಚರ್ಚೆ ಮುಂದುವರಿಯಲಿ.

ಮೂರನೇ_ಬೆಂಚು

ಜರೀಗಿಡದ ಚಿತ್ರ ಎಲ್ಲ ಕಡೆ ಕಾಣುತ್ತದಲ್ಲ, ಬಾರ್ನ್ಸ್‌ಲಿ ಫರ್ನ್ ಅಂತ. ಅದೂ ಎಲ್-ಸಿಸ್ಟಮ್ಮಾ? ಸುಮ್ನೆ ಚುಕ್ಕಿ ಇಡುತ್ತಾ ಹೋದರೆ ಬಂದುಬಿಡುತ್ತದೆ ಅಂತಾರೆ.

ಸುಳಿ

ಅಲ್ಲ, ಅದು ಬೇರೆಯೇ ದಾರಿ. ಮೈಕೆಲ್ ಬಾರ್ನ್ಸ್‌ಲಿ 1988ರ ತಮ್ಮ ಪುಸ್ತಕದಲ್ಲಿ ಕೊಟ್ಟಿದ್ದು. ಕೈಯಲ್ಲಿ ಒಂದು ಚುಕ್ಕಿ ಇದೆ ಅನ್ನಿ. ಅದನ್ನು ಬೇರೆ ಜಾಗಕ್ಕೆ ಒಯ್ಯುವ ಸೂತ್ರಗಳು ನಾಲ್ಕು. ಪ್ರತಿ ಸಲ ಒಂದನ್ನು ರ್‍ಯಾಂಡಮ್ ಆಗಿ ಆರಿಸಿ, ಚುಕ್ಕಿಯನ್ನು ಸರಿಸಿ, ಬಣ್ಣ ಹಚ್ಚಿ. ಅಷ್ಟೇ. ನಾಲ್ಕರಲ್ಲಿ ಒಂದು ಸೂತ್ರಕ್ಕೆ ಶೇಕಡಾ 85 ಪಾಲು. ಅದು ಇಡೀ ಗಿಡವನ್ನು ಸ್ವಲ್ಪ ಕುಗ್ಗಿಸಿ, ಸ್ವಲ್ಪ ತಿರುಗಿಸಿ, ಮೇಲಕ್ಕೆ ಎತ್ತಿಡುತ್ತದೆ. ಇನ್ನೆರಡಕ್ಕೆ ಶೇಕಡಾ 7ರಂತೆ. ಅವು ಬುಡದ ಎಡ ಬಲದ ಎಲೆಗಳು. ಉಳಿದ ಶೇಕಡಾ 1 ಕಾಂಡಕ್ಕೆ. ಎಲ್ಲ ಸೇರಿ 24 ಸಂಖ್ಯೆ, ಅದರಲ್ಲೂ ಕೆಲವು ಸೊನ್ನೆ.

ಇದರ ಚಿಕ್ಕ ತಮ್ಮ ಬೇಕಾದರೆ ಮೂರು ಮೂಲೆಯ ಆಟ ಆಡಿ. ತ್ರಿಕೋನದ ಮೂರು ಮೂಲೆ. ಎಲ್ಲೋ ಒಂದು ಚುಕ್ಕಿ. ಒಂದು ಮೂಲೆ ಆರಿಸಿ, ಅದರ ಕಡೆಗೆ ಅರ್ಧ ದಾರಿ ಹೋಗಿ ಚುಕ್ಕಿ ಇಡಿ. ಮತ್ತೆ ಆರಿಸಿ, ಮತ್ತೆ ಅರ್ಧ ದಾರಿ. ಕೆಲವು ಸಾವಿರ ಚುಕ್ಕಿ ಆದಾಗ ಸಿಯೆರ್ಪಿನ್ಸ್ಕಿ ತ್ರಿಕೋನ ಕಾಣುತ್ತದೆ. ಮೊದಲ ಹತ್ತಿಪ್ಪತ್ತು ಚುಕ್ಕಿ ಬಿಟ್ಟುಬಿಡಿ. ಶುರುವಿನ ತಪ್ಪು ಪ್ರತಿ ಹೆಜ್ಜೆಗೂ ಅರ್ಧ ಆಗುತ್ತದೆ, 10 ಹೆಜ್ಜೆಗೆ 1,024ರಲ್ಲಿ ಒಂದು ಪಾಲು.

ಮೂರನೇ_ಬೆಂಚು

ಮಾಡಿದೆ, ಬಂತು! ಖುಷಿಯಲ್ಲಿ ಚೌಕಕ್ಕೂ ಮಾಡಿದೆ, ನಾಲ್ಕು ಮೂಲೆ. ಏನೂ ಇಲ್ಲ. ಚೌಕದ ತುಂಬ ಮರಳು ಚೆಲ್ಲಿದ ಹಾಗೆ ಚುಕ್ಕಿ.

ಸುಳಿ

ಅದೇ ಸರಿಯಾದ ಉತ್ತರ. ಅರ್ಧ ಅಳತೆಯ ಮೂರು ತ್ರಿಕೋನಗಳನ್ನು ಮೂರು ಮೂಲೆಗೆ ಇಟ್ಟರೆ ನಡುವೆ ಒಂದು ತೂತು ಉಳಿಯುತ್ತದೆ. ಆ ತೂತೇ ಎಲ್ಲ ಅಳತೆಯಲ್ಲೂ ಮರುಕಳಿಸುವುದು. ಅರ್ಧ ಅಳತೆಯ ನಾಲ್ಕು ಚೌಕಗಳನ್ನು ನಾಲ್ಕು ಮೂಲೆಗೆ ಇಟ್ಟರೆ ಜಾಗ ಭರ್ತಿ, ತೂತೇ ಇಲ್ಲ. ಈಗ ಒಂದು ಚಿಕ್ಕ ಷರತ್ತು ಸೇರಿಸಿ: ಕಳೆದ ಸಲ ಆರಿಸಿದ ಮೂಲೆಯನ್ನು ಈ ಸಲ ಆರಿಸುವಂತಿಲ್ಲ. ಮಿಕ್ಕಿದ್ದೆಲ್ಲ ಹಾಗೇ ಇರಲಿ. ಓಡಿಸಿ ನೋಡಿ.

ಮೂರನೇ_ಬೆಂಚು

ಓಹೋ! ಇದು ಎಲ್ಲಿತ್ತು ಇಷ್ಟು ಹೊತ್ತು?

ಅನುಮಾನ_ಪಕ್ಷಿ

ಚಂದ ಇದೆ. ಆದರೆ ಇದನ್ನು ಬೆಳೆಸುವುದು ಅನ್ನಬೇಡಿ. ಜರೀಗಿಡದ ಚುಕ್ಕಿ ಮೊದಲು ತುದಿಯಲ್ಲಿ ಬೀಳಬಹುದು, ಆಮೇಲೆ ಬುಡದಲ್ಲಿ, ಆಮೇಲೆ ಯಾವುದೋ ಎಲೆಯಲ್ಲಿ. ಎಳೆಯ ಗಿಡ ಅನ್ನುವ ಹಂತವೇ ಇಲ್ಲ. ಚಿತ್ರ ಮೊದಲೇ ತೀರ್ಮಾನ ಆಗಿದೆ, ಚುಕ್ಕಿಗಳು ಅದನ್ನು ತೋರಿಸುತ್ತವೆ ಅಷ್ಟೇ. ರ್‍ಯಾಂಡಮ್ ಅನ್ನುವುದೂ ಇಲ್ಲಿ ಬರೀ ಅನುಕೂಲಕ್ಕೆ.

ಸುಳಿ

ಈ ಸಲ ಪೂರ್ತಿ ನಿಮ್ಮ ಪಕ್ಷ. ಸೂತ್ರಗಳೆಲ್ಲ ಕುಗ್ಗಿಸುವಂಥವಾಗಿದ್ದರೆ ಕೊನೆಯ ಆಕೃತಿ ಒಂದೇ ಒಂದು ಇರುತ್ತದೆ ಅಂತ ಜಾನ್ ಹಚಿನ್ಸನ್ 1981ರಲ್ಲೇ ತೋರಿಸಿದ್ದಾರೆ. ಎಲ್ಲಿಂದ ಶುರು ಮಾಡಿದರೂ ಅಲ್ಲಿಗೇ. ಚುಕ್ಕಿಯ ಬದಲು ಒಂದು ಇಡೀ ಚಿತ್ರ, ಉದಾಹರಣೆಗೆ ದೊಡ್ಡ "ಕ" ಅಕ್ಷರ ಇಟ್ಟು, ನಾಲ್ಕೂ ಸೂತ್ರ ಒಟ್ಟಿಗೆ ಹಾಕುತ್ತಾ ಹೋದರೂ ಕೊನೆಗೆ ಅದೇ ಜರೀಗಿಡ. ಶೇಕಡಾವಾರು ಪಾಲನ್ನು ಸಮ ಮಾಡಿದರೂ ಆಕೃತಿ ಬದಲಾಗುವುದಿಲ್ಲ. ಕೆಲವು ಕಡೆ ಚುಕ್ಕಿ ಗಿಜಿಗುಟ್ಟುತ್ತದೆ, ಕೆಲವು ಕಡೆ ತೆಳುವಾಗುತ್ತದೆ, ಅಷ್ಟೇ.

ಆದರೆ "ಮೊದಲೇ ತೀರ್ಮಾನ" ಅನ್ನುವುದು ಕೋಖ್ ರೇಖೆಗೂ ಅನ್ವಯಿಸುತ್ತದೆ, ಅಲ್ವಾ? ಅಲ್ಲಿ ಸುತ್ತುಗಳು ಇವೆ ಅನ್ನುವ ಒಂದೇ ಕಾರಣಕ್ಕೆ ಅದನ್ನು ಬೆಳವಣಿಗೆ ಅನ್ನುತ್ತೀರಾ?

ಅನುಮಾನ_ಪಕ್ಷಿ

ಹೌದು ಅನ್ನುತ್ತೇನೆ. ಪ್ರತಿ ಸುತ್ತಿನ ರೇಖೆಯೂ ಹಿಂದಿನ ಸುತ್ತಿನ ರೇಖೆಯಿಂದಲೇ ಹುಟ್ಟುತ್ತದೆ. ಹಿಂದಿನದು ಅಳಿಸಿಹೋದರೆ ಮುಂದಿನದು ಇಲ್ಲ. ಚುಕ್ಕಿಯ ಆಟದಲ್ಲಿ ಪರದೆಯನ್ನು ಮಧ್ಯದಲ್ಲಿ ಒರೆಸಿಹಾಕಿ, ಆಟ ಹಾಗೇ ನಡೆಯುತ್ತದೆ. ನನ್ನ ಪರೀಕ್ಷೆ ಇಷ್ಟೇ: ಈಗಾಗಲೇ ಬೆಳೆದದ್ದು ಮುಂದಿನ ಬೆಳವಣಿಗೆಗೆ ಬೇಕಾ, ಬೇಡವಾ?

ಪಾಚಿ

ಈ ಪರೀಕ್ಷೆ ನನಗೆ ಹಿಡಿಸಿತು. ಇದರಲ್ಲಿ ಪೂರ್ತಿ ಅಂಕ ಪಡೆಯುವುದು ಡಿಫ್ಯೂಷನ್ ಲಿಮಿಟೆಡ್ ಅಗ್ರಿಗೇಶನ್, ಚಿಕ್ಕದಾಗಿ ಡಿಎಲ್‌ಎ. ಟಾಮ್ ವಿಟನ್ ಮತ್ತು ಲೆನ್ ಸ್ಯಾಂಡರ್ 1981ರಲ್ಲಿ ಕೊಟ್ಟ ಮಾದರಿ. ಗ್ರಿಡ್ ನಡುವೆ ಒಂದು ಕಣ ಅಂಟಿಸಿ. ದೂರದಿಂದ ಇನ್ನೊಂದು ಕಣ ಬಿಡಿ, ಅದು ದಿಕ್ಕುದೆಸೆ ಇಲ್ಲದೆ ಒಂದೊಂದು ಚೌಕ ಅಲೆಯಲಿ. ಅಂಟಿದ ಕಣದ ಪಕ್ಕಕ್ಕೆ ಬಂದರೆ ಅಲ್ಲೇ ಅಂಟಿಕೊಳ್ಳಲಿ. ಆಮೇಲೆ ಮುಂದಿನ ಕಣ. ನಿಯಮ ಮುಗಿಯಿತು. ಕವಲು ಅನ್ನುವ ಮಾತೇ ಇದರಲ್ಲಿ ಇಲ್ಲ, ಕೋನ ಇಲ್ಲ, ಆಮೆ ಇಲ್ಲ, ಸ್ಟ್ಯಾಕ್ ಇಲ್ಲ. ಆದರೂ ಕವಲು ಕವಲಾಗಿ ಬೆಳೆಯುತ್ತದೆ.

ಯಾಕೆ ಅಂದರೆ, ಎಲ್ಲೋ ಒಂದು ಕಡೆ ಅಕಸ್ಮಾತ್ ಸ್ವಲ್ಪ ಉಬ್ಬು ಬಂತು ಅನ್ನಿ. ಅಲೆಯುವ ಕಣಕ್ಕೆ ಮೊದಲು ಸಿಗುವುದು ಆ ಉಬ್ಬು. ಹಾಗಾಗಿ ಅದು ಇನ್ನೂ ಚಾಚುತ್ತದೆ. ಎರಡು ಕೊಂಬೆಗಳ ನಡುವಿನ ಸಂದಿಗೆ ಇಳಿಯುವಷ್ಟರಲ್ಲಿ ಕಣ ಯಾವುದಾದರೂ ಒಂದು ಪಕ್ಕಕ್ಕೆ ತಗುಲಿ ನಿಂತುಬಿಡುತ್ತದೆ. ಸಂದಿ ಸಂದಿಯಾಗಿಯೇ ಉಳಿಯುತ್ತದೆ. ತಾಮ್ರದ ದ್ರಾವಣದಲ್ಲಿ ವಿದ್ಯುತ್ ಹರಿಸಿದಾಗ ಲೋಹ ಹೀಗೇ ಕವಲಾಗಿ ಕೂರುವುದನ್ನು ಪ್ರಯೋಗಶಾಲೆಯಲ್ಲಿ ನೋಡಬಹುದು.

ಇಲ್ಲಿ ರ್‍ಯಾಂಡಮ್ ಅಲೆದಾಟ ತೆಗೆದು, ಕಣವನ್ನು ನೇರ ಗೆರೆಯಲ್ಲಿ ಬಂದು ಅಂಟುವಂತೆ ಮಾಡಿ ನೋಡಿ. ಗುಂಪು ದಟ್ಟವಾಗುತ್ತದೆ, ಆ ತೆಳುವಾದ ಬೆರಳುಗಳು ಸಿಗುವುದಿಲ್ಲ. ಅಂದರೆ ಇಲ್ಲಿ ಅಲೆದಾಟ ಅನುಕೂಲಕ್ಕೆ ಇಟ್ಟದ್ದಲ್ಲ, ಆಕೃತಿ ಬರುವುದೇ ಅದರಿಂದ.

ಚುಕ್ಕಿಗೆರೆ

ಡಿಎಲ್‌ಎ ಬರೆದೆ. ಕಣ ಅಲೆಯುತ್ತಲೇ ಇರುತ್ತದೆ, ಬಂದು ಅಂಟುವುದೇ ಇಲ್ಲ! ಒಂದೊಂದಕ್ಕೂ ಯುಗ ಹಿಡಿಯುತ್ತದೆ.

ಹಳೇ_ಕೀಬೋರ್ಡ್

ಕಣವನ್ನು ಗ್ರಿಡ್‌ನ ಅಂಚಿಂದ ಬಿಡುತ್ತಿದ್ದೀರಿ ಅನ್ನಿಸುತ್ತದೆ. ಬೇಡ. ಗುಂಪಿನ ಅತಿ ದೂರದ ಕಣ ಎಲ್ಲಿದೆಯೋ ಅದಕ್ಕಿಂತ ಸ್ವಲ್ಪ ಹೊರಗೆ ಒಂದು ವೃತ್ತ ಕಲ್ಪಿಸಿಕೊಂಡು ಅದರ ಮೇಲೆ ಯಾವುದಾದರೂ ಜಾಗದಿಂದ ಬಿಡಿ. ದೂರದಿಂದ ಬರುವ ಕಣ ಆ ವೃತ್ತವನ್ನು ಯಾವ ದಿಕ್ಕಿನಿಂದಲಾದರೂ ಸಮನಾಗಿ ಮುಟ್ಟುತ್ತದೆ, ಹಾಗಾಗಿ ಮೋಸ ಏನಿಲ್ಲ. ತುಂಬಾ ದೂರ ಹೋದ ಕಣವನ್ನು ಕೈಬಿಟ್ಟು ಹೊಸದು ಬಿಡಿ.

ಇನ್ನೂ ವೇಗ ಬೇಕಾದರೆ ಒಂದೊಂದೇ ಹೆಜ್ಜೆ ಇಡಿಸಬೇಡಿ. ಕಣದಿಂದ ಗುಂಪಿಗೆ ಕನಿಷ್ಠ ದೂರ 40 ಚೌಕ ಇದೆ ಅನ್ನಿ. ಆ 40ರೊಳಗೆ ಅದು ಹೇಗೆ ಅಲೆದರೂ ಏನೂ ಆಗುವುದಿಲ್ಲ. ಹಾಗಾದರೆ 40ಕ್ಕಿಂತ ಚೂರು ಚಿಕ್ಕ ವೃತ್ತದ ಮೇಲೆ ರ್‍ಯಾಂಡಮ್ ಜಾಗಕ್ಕೆ ಒಂದೇ ನೆಗೆತ. ಹತ್ತಿರ ಬಂದಾಗ ಮಾತ್ರ ಚಿಕ್ಕ ಹೆಜ್ಜೆ.

ಒಂದು ಎಚ್ಚರಿಕೆ. ಚೌಕದ ಗ್ರಿಡ್ ಮೇಲೆ ಗುಂಪು ತುಂಬಾ ದೊಡ್ಡದಾದಂತೆ ನಾಲ್ಕು ದಿಕ್ಕಿಗೆ ನಾಲ್ಕು ತೋಳು ಚಾಚಿದ ಹಾಗೆ ಕಾಣತೊಡಗುತ್ತದೆ. ಅದು ಗ್ರಿಡ್‌ನ ಗುಣ, ನಿಯಮದ್ದಲ್ಲ. ಗ್ರಿಡ್ ಬಿಟ್ಟು ಕಣಗಳಿಗೆ ದಶಾಂಶದ ಸ್ಥಾನ ಕೊಟ್ಟರೆ ಹೋಗುತ್ತದೆ. ಮತ್ತೆ, ರ್‍ಯಾಂಡಮ್ ಬಳಸುವ ಎಲ್ಲದಕ್ಕೂ ಸೀಡ್ (ಅದೇ ಕೊಟ್ಟರೆ ಅದೇ ಸಾಲು ಮತ್ತೆ ಬರುವ ಶುರುವಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಚೆನ್ನಾಗಿ ಬಂದ ಚಿತ್ರ ಮತ್ತೆ ಬೇಕು ಅಂದಾಗ ಗೊತ್ತಾಗುತ್ತದೆ ಅದರ ಬೆಲೆ.

ಪಾಚಿ

ಮರಕ್ಕೂ ಇಂಥದ್ದೇ ಒಂದು ದಾರಿ ಬಂದಿದೆ. ರೂನಿಯನ್ಸ್, ಲೇನ್, ಪ್ರುಸಿಂಕೆವಿಚ್ 2007ರಲ್ಲಿ ಕೊಟ್ಟದ್ದು. ಗಾಳಿಯಲ್ಲಿ ಚುಕ್ಕಿಗಳನ್ನು ಚೆಲ್ಲಿ, ಮರದ ಹಂದರ ಎಲ್ಲಿ ಇರಬೇಕೋ ಅಲ್ಲಿ. ಪ್ರತಿ ಚುಕ್ಕಿಯೂ ತನಗೆ ಹತ್ತಿರದ ಕೊಂಬೆಯನ್ನು ತನ್ನ ಕಡೆ ಎಳೆಯುತ್ತದೆ. ಕೊಂಬೆ ಹತ್ತಿರ ಬಂತು ಅಂದರೆ ಚುಕ್ಕಿ ಅಳಿಸಿಹೋಗುತ್ತದೆ. ಕೊಂಬೆಗಳು ಜಾಗಕ್ಕಾಗಿ ಪೈಪೋಟಿ ಮಾಡಿದ ಹಾಗೆ. ಎಲ್-ಸಿಸ್ಟಮ್ ಮರದಲ್ಲಿ ಕೊಂಬೆಗಳು ಒಂದರ ಮೇಲೊಂದು ಹಾದುಹೋಗುತ್ತವೆ, ಒಬ್ಬರಿಗೆ ಇನ್ನೊಬ್ಬರು ಇದ್ದಾರೆ ಅನ್ನುವುದೇ ಗೊತ್ತಿಲ್ಲ. ಇದರಲ್ಲಿ ಹಾಗಾಗುವುದು ಕಡಿಮೆ. ಮರ ಮರದಂತೆಯೇ ಕಾಣಬೇಕು ಅನ್ನುವವರಿಗೆ ನನ್ನ ಸಲಹೆ ಇದೇ.

ಮೂರನೇ_ಬೆಂಚು

ರ್‍ಯಾಂಡಮ್ ಇಲ್ಲದೆ, ಆಮೆ ಇಲ್ಲದೆ, ಬರೀ ಗ್ರಿಡ್ ಮೇಲೆ ಕವಲು ಬೆಳೆಸಲು ಆಗುತ್ತಾ? ರೂಲ್ 90ರ ಹಾಗೆಯೇ ಇನ್ನೊಂದು ನಿಯಮ ರೂಲ್ 30 ಹಾಕಿ ನೋಡಿದೆ, ಏನೇನೋ ಬಂತು.

ಸುಳಿ

ರೂಲ್ 30 ಫ್ರ್ಯಾಕ್ಟಲ್ ಅಲ್ಲ. ವುಲ್ಫ್ರಮ್ 1983ರಲ್ಲಿ ಅದರ ಬಗ್ಗೆ ಬರೆದರು. ಎಡಗಡೆ ಸ್ವಲ್ಪ ಶಿಸ್ತು ಬಿಟ್ಟರೆ ಮಿಕ್ಕಿದ್ದು ಗೊಂದಲ. ನಿಯಮ ಸರಳ, ಚಿತ್ರ ಜಟಿಲ ಅಂದ ಮಾತ್ರಕ್ಕೆ ಅದು ಫ್ರ್ಯಾಕ್ಟಲ್ ಆಗಬೇಕಿಲ್ಲ.

ನಿಮಗೆ ಬೇಕಾದ್ದು ಉಲಂ-ವಾರ್ಬರ್ಟನ್. ಚೌಕದ ಗ್ರಿಡ್, ನಡುವೆ ಒಂದು ಕಪ್ಪು. ನಿಯಮ: ಮೇಲೆ, ಕೆಳಗೆ, ಎಡ, ಬಲ, ಈ ನಾಲ್ವರಲ್ಲಿ ಸರಿಯಾಗಿ ಒಬ್ಬರು ಕಪ್ಪಾಗಿದ್ದರೆ ನಾನೂ ಕಪ್ಪು. ಒಮ್ಮೆ ಕಪ್ಪಾದದ್ದು ಕಪ್ಪೇ. ಶುರುವಿನ ಒಂಟಿ ಚೌಕವನ್ನೇ 1ನೇ ಸುತ್ತು ಅಂತ ಹಿಡಿದು ಎಣಿಸುತ್ತಾ ಹೋಗಿ: 1, 5, 9, 21, 25, 37, 49, 85. ಪ್ರತಿ ಸುತ್ತಿಗೆ ಹೊಸದಾಗಿ ಬಂದವು 4, 4, 12, 4, 12, 12, 36. ಒಮ್ಮೆ ಬೆಳವಣಿಗೆ ಉಕ್ಕುತ್ತದೆ, ಮತ್ತೆ 4ಕ್ಕೆ ಇಳಿಯುತ್ತದೆ. ಇದಕ್ಕೆ ಲೆಕ್ಕವೂ ಇದೆ. ಸುತ್ತಿನ ಸಂಖ್ಯೆಯಲ್ಲಿ ಒಂದು ಕಳೆದು, ಬೈನರಿಯಲ್ಲಿ ಬರೆದು, ಅದರಲ್ಲಿ 1 ಎಷ್ಟಿವೆ ಎಣಿಸಿ. ಒಂದೇ ಇದ್ದರೆ ಹೊಸ ಚೌಕ 4. ಎರಡಿದ್ದರೆ 12. ಮೂರಿದ್ದರೆ 36. ಪ್ರತಿ ಹೆಚ್ಚುವರಿ 1ಕ್ಕೂ ಮೂರು ಪಟ್ಟು. ಒಂದು ಗ್ರಿಡ್ ಮೇಲಿನ ಹರಡುವಿಕೆಗೆ ಬೈನರಿ ಅಂಕಿಗಳ ಜೊತೆ ಏನು ಸಂಬಂಧ ಅಂತ ನನಗೆ ಈಗಲೂ ಸೋಜಿಗ, ಅದರ ಗಣಿತದ ಪ್ರೂಫ್ ಓದಿದ ಮೇಲೂ.

ಅನುಮಾನ_ಪಕ್ಷಿ

ಅದೂ ಫ್ರ್ಯಾಕ್ಟಲ್ ಅನ್ನುವುದಕ್ಕೆ ಆಧಾರ ಏನು? 2, 4, 8 ಸುತ್ತಿಗೆ 5, 21, 85. ಸುತ್ತು ಎರಡು ಪಟ್ಟಾದಾಗ ಚೌಕ ಸುಮಾರು ನಾಲ್ಕು ಪಟ್ಟು. ಅಂದರೆ ಆಯಾಮ 2. ತುಂಬಿದ ಚಿತ್ರಕ್ಕೂ ಅಷ್ಟೇ ಬರುತ್ತದೆ. 8ನೇ ಸುತ್ತಿಗೆ ಅದು ಹರಡಿದ ವಜ್ರಾಕೃತಿಯಲ್ಲಿ ಒಟ್ಟು 113 ಚೌಕ ಇವೆ, ಅದರಲ್ಲಿ 85 ಕಪ್ಪು. ರೂಲ್ 90ರಲ್ಲಿ 8 ಸಾಲಿಗೆ 27, 16 ಸಾಲಿಗೆ 81. ಎರಡು ಪಟ್ಟಿಗೆ ಮೂರು ಪಟ್ಟು, ಆಯಾಮ 1.585. ಅದಕ್ಕೆ ಒಪ್ಪುತ್ತೇನೆ.

ಸುಳಿ

ಲೆಕ್ಕ ಸರಿ ಇದೆ. ಕಪ್ಪು ಚೌಕಗಳನ್ನು ಎಣಿಸಿದರೆ ಆಯಾಮ 2ಕ್ಕೇ ಹೋಗುತ್ತದೆ. ಒಳಗಿನ ವಿನ್ಯಾಸ ಎಲ್ಲ ಅಳತೆಯಲ್ಲೂ ಮರುಕಳಿಸುತ್ತದೆ ಅನ್ನುವ ಕಾರಣಕ್ಕೆ ಜನ ಅದನ್ನೂ ಈ ಸಾಲಿಗೆ ಸೇರಿಸುತ್ತಾರೆ. ನಾನೂ ಸೇರಿಸುತ್ತೇನೆ. ನೀವು ಬಿಡಿ.

ಚುಕ್ಕಿಗೆರೆ

ಈ ಆಯಾಮ ಅಳೆಯುವುದನ್ನು ನನ್ನ ಡಿಎಲ್‌ಎಗೆ ಹೇಗೆ ಮಾಡುವುದು? ಅದಕ್ಕೆ ಸೂತ್ರ ಇಲ್ಲವಲ್ಲ.

ಹಳೇ_ಕೀಬೋರ್ಡ್

ಎಣಿಸಿ. ನಡುವಿನ ಕಣವನ್ನು ಕೇಂದ್ರ ಮಾಡಿಕೊಂಡು ತ್ರಿಜ್ಯ 10, 20, 40, 80 ಅಂತ ವೃತ್ತ ಹಾಕಿ. ಪ್ರತಿ ವೃತ್ತದೊಳಗೆ ಎಷ್ಟು ಕಣ ಅಂತ ನೋಡಿ. ಪೂರ್ತಿ ತುಂಬಿದ್ದರೆ ಪ್ರತಿ ಸಲ ನಾಲ್ಕು ಪಟ್ಟು ಆಗುತ್ತಿತ್ತು. ನೇರ ಗೆರೆ ಆಗಿದ್ದರೆ ಎರಡು ಪಟ್ಟು. ಸಮತಲದ ಡಿಎಲ್‌ಎಗೆ ಆಯಾಮ ಸುಮಾರು 1.71 ಅನ್ನುತ್ತಾರೆ, ಅಂದರೆ ಸುಮಾರು 3.3 ಪಟ್ಟು. ತ್ರಿಜ್ಯ, ಸಂಖ್ಯೆ ಎರಡರ ಲಾಗ್ ತೆಗೆದು ಗ್ರಾಫ್ ಹಾಕಿದರೆ ಓರೆ ಗೆರೆ ಬರುತ್ತದೆ. ಅದರ ಇಳಿಜಾರೇ ಉತ್ತರ.

ಎರಡು ತುದಿಯ ಅಂಕಿಗಳನ್ನು ನಂಬಬೇಡಿ. ತೀರಾ ಚಿಕ್ಕ ವೃತ್ತದಲ್ಲಿ ಕಣಗಳೇ ಕಡಿಮೆ. ತೀರಾ ದೊಡ್ಡ ವೃತ್ತ ಗುಂಪಿನ ಹೊರ ಅಂಚನ್ನು ಮುಟ್ಟುತ್ತದೆ, ಅಲ್ಲಿ ಕೊಂಬೆಗಳು ಇನ್ನೂ ಬೆಳೆಯುತ್ತಿವೆ, ಸಂಖ್ಯೆ ಕಡಿಮೆ ಬರುತ್ತದೆ. ನಡುವಿನ ಭಾಗಕ್ಕೆ ಮಾತ್ರ ಗೆರೆ ಹೊಂದಿಸಿ. ಒಂದೇ ಗುಂಪಿಗೆ ನಿಲ್ಲಿಸಬೇಡಿ, ಬೇರೆ ಬೇರೆ ಸೀಡ್ ಕೊಟ್ಟು ಕೆಲವು ಗುಂಪು ಬೆಳೆಸಿ ಸರಾಸರಿ ತೆಗೆಯಿರಿ.

ಚುಕ್ಕಿಗೆರೆ

1.6 ಹತ್ತಿರ ಬಂತು. ಕಣಗಳು 5,000 ಮಾತ್ರ. ಇನ್ನೂ ಜಾಸ್ತಿ ಬಿಡಬೇಕಾ?

ಹಳೇ_ಕೀಬೋರ್ಡ್

ಬಿಡಿ. ಅದಕ್ಕೂ ಮುಂಚೆ ಆ ದೊಡ್ಡ ನೆಗೆತದ ಉಪಾಯ ಹಾಕಿಕೊಳ್ಳಿ, ಇಲ್ಲದಿದ್ದರೆ ರಾತ್ರಿಯಿಡೀ ಓಡುತ್ತದೆ. ಹೊರಗಿನ ಎರಡು ವೃತ್ತಗಳನ್ನು ಲೆಕ್ಕದಿಂದ ತೆಗೆದು ಇದೇ ಗುಂಪಿಗೆ ಇನ್ನೊಮ್ಮೆ ಗೆರೆ ಹೊಂದಿಸಿ, ಎಷ್ಟು ಬರುತ್ತದೆ ಹೇಳಿ.